ರತ್ನಮ್ಮನ ಕಾರ್ಡಿನ ಹಿಂದೆ ಒಂದು ದಿನ

ಬೆಳಿಗ್ಗೆ ಒಂಬತ್ತಕ್ಕೆ ಬಸವೇಶ್ವರನಗರದಿಂದ ಹೊರಟಾಗ ನನ್ನ ಚೀಲದಲ್ಲಿದ್ದದ್ದು ನೀರಿನ ಬಾಟಲಿ, ಎರಡು ಚಪಾತಿ, ಒಂದಕ್ಕೊಂದು ತಾಳೆಯಾಗದ ಎರಡು ಕಾಗದ. ಹೆಂಗಸರ ಕ್ಯಾನ್ಸರ್ ತಪಾಸಣೆ ಶಿಬಿರಗಳಿಗೆ ಬಂದವರ ಪಟ್ಟಿ ಇಡುವುದು ನನ್ನ ಕೆಲಸ. ಹೆಗ್ಗನಹಳ್ಳಿಯ ಶಿಬಿರದಲ್ಲಿ ರತ್ನಮ್ಮ ಎಂಬುವರ ಗರ್ಭಕೋಶದ ಬಾಯಿಯ ಪರೀಕ್ಷೆಯಲ್ಲಿ ದೋಷ ಕಂಡಿತ್ತು. ತಿಂಗಳ ನಂತರ ಆಸ್ಪತ್ರೆಗೆ ಕರೆಸಿ ನೋಡಿದರೆ ಏನೂ ಇಲ್ಲ. ಮೊದಲ ಕಾಗದದಲ್ಲಿ ಮಕ್ಕಳು ಇಬ್ಬರು, ಎರಡನೆಯದರಲ್ಲಿ ಮೂವರು. ತಿಂಗಳೊಳಗೆ ಕಾಯಿಲೆ ಮಾಯವಾಗಿ ಮಗು ಒಂದು ಹೆಚ್ಚಾಗಿತ್ತು, ಎಂಥ ಪವಾಡ! ಅದನ್ನು ಗಮನಿಸದೆ ಆ ಫೈಲು ಮುಚ್ಚಿದವಳು ನಾನೇ. ಮೂರು ತಿಂಗಳ ಮೇಲೆ ಹಿಂದಿನ ದಿನವಷ್ಟೇ ಅದು ಕಣ್ಣಿಗೆ ಬಿದ್ದಿತ್ತು. ರಾತ್ರಿ ನಿದ್ದೆ ಬರಲಿಲ್ಲ.

ಬಸ್ಸಿನಲ್ಲಿ ಆಧಾರ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದೆ. ಸುಂಕದಕಟ್ಟೆ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿ ಬಸ್ಸು ಅಲ್ಲಾಡಲಿಲ್ಲ. ಕೂತಲ್ಲಿ ಕೂರಲಾಗಲಿಲ್ಲ, ನಿಂತರೆ ಕಂಡಕ್ಟರ್ ಬೈಯುತ್ತಿದ್ದ. ಕೊನೆಗೆ ಇಳಿದು ಹೆಗ್ಗನಹಳ್ಳಿಗೆ ನಡೆದೇಬಿಟ್ಟೆ. ನಮ್ಮ ಪಟ್ಟಿಯಲ್ಲಿ ಬಸವೇಶ್ವರನಗರದವರ ಎದೆಯ ಗಂಟು ಸಾಸಿವೆಯಷ್ಟಿದ್ದಾಗ ಸಿಗುತ್ತದೆ, ಈ ಕಡೆಯವರದ್ದು ನಿಂಬೆಹಣ್ಣಿನಷ್ಟಾದ ಮೇಲೆ. ನಡುವಿನ ದೂರ ನಾಲ್ಕೈದು ಕಿಲೋಮೀಟರ್ ಮಾತ್ರ.

ರತ್ನಮ್ಮ ಊರಿನ ಹಳಬರು, ಮೂರು ಮನೆ ಬಾಡಿಗೆಗೆ ಕೊಟ್ಟವರು. ಕಾಫಿ ಕೊಟ್ಟರು. ಕಾಗದ ತೋರಿಸಿದಾಗ ಅವರ ಮುಖ ಬಿಳುಚಿತು.

"ಶಿಬಿರಕ್ಕೆ ನಾನು ಬರ್ಲಿಲ್ಲ ಮೇಡಂ. ನಮ್ಮ ಬಾಡಿಗೆ ಮನೆ ಅಂಜಿನಮ್ಮ ಬಂದಿದ್ಲು. ಆಂಧ್ರದ ಮಡಕಶಿರಾ ಕಡೆಯೋಳು, ಶಿಬಿರದಲ್ಲಿ ಕೇಳೋ ಇಲ್ಲಿನ ರೇಷನ್ ಕಾರ್ಡ್ ಇರ್ಲಿಲ್ಲ. ಮುಟ್ಟಿನ ದಿನ ಮುಗಿದ್ರೂ ನಡುನಡುವೆ ರಕ್ತ ಹೋಗುತ್ತೆ ಅಂತ ಅತ್ಲು. ಪಾಪ ಅಂತ ನನ್ ಕಾರ್ಡೇ ಕೊಟ್ಟೆ."

"ಮತ್ತೆ ಆಸ್ಪತ್ರೆಗೆ?"

"ಫೋನ್ ನನಗೇ ಬಂತಲ್ವಾ. ಹೆಸರೂ ನಂದು. ಗೊತ್ತಾದ್ರೆ ಕಾರ್ಡ್ ಕಿತ್ಕೋತಾರೆ ಅಂತ ನಾನೇ ಹೋದೆ."

"ಅಂಜಿನಮ್ಮನಿಗೆ ಏನಂದ್ರಿ?"

"ರಿಪೋರ್ಟ್ ಬಂತು ಕಣೇ, ಏನೂ ಇಲ್ವಂತೆ ಅಂದೆ."

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ, ಆದರೆ ಮಕ್ಕಳ ಲೆಕ್ಕ ನೋಡದೆ ಸಹಿ ಹಾಕಿದ ಕೈ ನನ್ನದಲ್ಲವೇ? ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ರತ್ನಮ್ಮ ಹೇಳಿದ ಪ್ರಕಾರ ಅಂಜಿನಮ್ಮನ ಸಂಸಾರ ಮನೆ ಬಿಟ್ಟು ನಾಯಂಡಹಳ್ಳಿಗೆ ಹೋಗಿತ್ತು. ಗಂಡನಿಗೆ ಅಲ್ಲಿನ ಗೋಡೌನಿನಲ್ಲಿ ಕೆಲಸ.

ವಿಜಯನಗರದವರೆಗೆ ಆಟೋಗೆ ನೂರೈವತ್ತು ಕೊಟ್ಟೆ, ಅಲ್ಲಿಂದ ಮೆಟ್ರೋ ಹಿಡಿದೆ. ನಾಯಂಡಹಳ್ಳಿಯಲ್ಲಿ ಬಿಸಿಲು ರಾಚುತ್ತಿತ್ತು. ಚಪಾತಿ ತಿನ್ನಲು ಮನಸ್ಸಾಗಲಿಲ್ಲ. ನಾಲ್ಕು ಗೋಡೌನು ವಿಚಾರಿಸಿದ ಮೇಲೆ ಅಂಜಿನಮ್ಮ ಸಿಕ್ಕಳು. ರಟ್ಟಿನ ಪೆಟ್ಟಿಗೆ ಮಡಚಿ ಕಟ್ಟುತ್ತಿದ್ದ, ಮೂವತ್ತೈದರ ಆಸುಪಾಸಿನ ಬಡಕಲು ಹೆಂಗಸು. ನಡುವಿಗೆ ಟವಲು ಬಿಗಿದುಕೊಂಡಿದ್ದಳು. ಎಲ್ಲವನ್ನೂ ಹೇಳಿದೆ.

"ರಕ್ತ ಇನ್ನೂ ಹೋಗುತ್ತೆ ಮೇಡಂ," ಎಂದಳು ಮೆಲ್ಲಗೆ. "ರತ್ನಕ್ಕನ ಹೆಸರಲ್ಲಿ ರಿಪೋರ್ಟ್ ಚೆನ್ನಾಗಿ ಬಂತಲ್ಲ, ಅದಕ್ಕೇ ಸುಮ್ನಿದ್ದೆ."

"ಅದು ಅವರ ಮೈ ರಿಪೋರ್ಟ್ ಅಮ್ಮಾ. ನಿಮ್ಮದನ್ನ ಆಮೇಲೆ ಯಾರೂ ನೋಡೇ ಇಲ್ಲ."

ಅವಳು ಕೈಯಲ್ಲಿದ್ದ ಪೆಟ್ಟಿಗೆಯನ್ನು ಕಟ್ಟಿ ಮುಗಿಸಿದಳು. ಆಮೇಲೆ ಮೇಸ್ತ್ರಿಗೆ ಹೇಳಿ ನನ್ನ ಜೊತೆ ಆಸ್ಪತ್ರೆಗೆ ಹೊರಟಳು.

ರಿಂಗ್ ರೋಡಿನ ಬಸ್ಸಿನಲ್ಲಿ ಕಂಡಕ್ಟರ್ ಅವಳ ಆಧಾರ್ ನೋಡಿ, "ಆಂಧ್ರ ಅಡ್ರೆಸ್ಸು, ಫ್ರೀ ಇಲ್ಲಮ್ಮಾ" ಎಂದ.

ಅವಳು ನನ್ನ ಕಿವಿಯಲ್ಲಿ, "ನಿಮ್ ಕಾರ್ಡಲ್ಲೇ ಇಬ್ಬರಿಗೂ ಆಗಲ್ವಾ?" ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದುಡ್ಡು ಕೊಟ್ಟು ಅವಳಿಗೊಂದು ಟಿಕೆಟ್ ಕೊಂಡೆ. ಸುಮನಹಳ್ಳಿ ಸೇತುವೆ ದಾಟುವವರೆಗೂ ಅದನ್ನು ಮುಷ್ಟಿಯಲ್ಲೇ ಹಿಡಿದಿದ್ದಳು. ಕಳೆದುಹೋದ ತಿಂಗಳುಗಳು ಅವಳ ಒಳಗೆ ಏನು ಮಾಡಿವೆಯೋ ಎಂದು ನನಗೆ ಹೆದರಿಕೆ.

ನಾಲ್ಕು ಗಂಟೆಗೆ ಆಸ್ಪತ್ರೆ ತಲುಪಿದೆವು. ಕಾರ್ಡು ಯಾವ ರಾಜ್ಯದ್ದಾದರೂ ಚೀಟಿ ಮಾಡಲೇಬೇಕು ಎಂದು ಮೊದಲೇ ಫೋನಿನಲ್ಲಿ ಜಗಳವಾಡಿಟ್ಟಿದ್ದೆ.

"ಪೇಷಂಟ್ ಹೆಸರು?" ಎಂದಳು ಚೀಟಿ ಬರೆಯುವ ಹುಡುಗಿ.

ಅಂಜಿನಮ್ಮ ನನ್ನ ಮುಖ ನೋಡಿದಳು. ನಾನು ಆ ಹುಡುಗಿಯ ಕಡೆ ಕಣ್ಣು ತೋರಿಸಿದೆ.

ಅವಳು ಏನೋ ಗೊಣಗಿದಳು.

"ಕೇಳಿಸ್ಲಿಲ್ಲ, ಜೋರಾಗಿ ಹೇಳಿ."

"ಅಂಜಿನಮ್ಮ," ಎಂದಳು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ನಾನೇ. ಮಕ್ಕಳಿಬ್ಬರು."