ಗುಮಾಸ್ತನಿಗೆ ವೋಟಿಲ್ಲ

ಕೆನಡಾದ ಪೋರ್ಟ್ ಕ್ರೆಡಿಟ್ಟಿನಲ್ಲಿ ನಾನೂ ಉಡುಪಿಯ ಗೆಳೆಯನೂ ಬಾಡಿಗೆಗಿದ್ದ ಬೇಸ್‌ಮೆಂಟಿನ ಓನರು ನಾರ್ವೆಯ ಒಬ್ಬ ಮುದುಕರು. ಹರೆಯದಲ್ಲಿ ಅಲ್ಲಿನ ಒಂದು ಪುಟ್ಟ ದ್ವೀಪದ ಪುರಸಭೆಯಲ್ಲಿ ಗುಮಾಸ್ತರಾಗಿದ್ದರಂತೆ. ಅರವತ್ತರ ದಶಕದಲ್ಲಿ ಸರ್ಕಾರ ಆ ಪುರಸಭೆಯನ್ನು ಎದುರು ದಡದ ಪಟ್ಟಣಕ್ಕೆ ಸೇರಿಸಿಬಿಟ್ಟಿತು. "ನಮ್ಮನ್ನು ಯಾರೂ ಕೇಳಲಿಲ್ಲ," ಎನ್ನುವಾಗಲೆಲ್ಲ ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಿದ್ದರು. ಹಿಮ ಬಾಚುವ ಸರದಿಗೂ ಕಸದ ಡಬ್ಬಿ ಇಡುವ ಜಾಗಕ್ಕೂ ನಮ್ಮನ್ನು ಕೂರಿಸಿ ಸಭೆ ಮಾಡಿ, ಕೈ ಎತ್ತಿಸಿ, ನಡಾವಳಿ ಬರೆಯುತ್ತಿದ್ದರು. ಅಷ್ಟರಲ್ಲಿ ನನ್ನ ಸಾರು ಸೀದುಹೋಗುತ್ತಿತ್ತು.

2017ರ ಮಾರ್ಚಿನಲ್ಲಿ ಅವರ ಮಗಳು ಬಂದು, ಬೇಸ್‌ಮೆಂಟಿನ ಅಡುಗೆಮನೆ ಒಡೆಸಿ ಇಡೀ ಮನೆಯನ್ನು ಒಂದು ಮಾಡಬೇಕೆಂದಳು. ಸೆಮಿಸ್ಟರ್ ಮಧ್ಯೆ ನಾವು ಎಲ್ಲಿಗೆ ಹೋಗುವುದು? ಸೂಟ್‌ಕೇಸು ತುಂಬತೊಡಗಿದೆವು.

ಭಾನುವಾರ ಮಧ್ಯಾಹ್ನ ಮುದುಕರು ನೋಟ್‌ಬುಕ್ ಹಿಡಿದು ಮಗಳೊಂದಿಗೆ ಕೆಳಗಿಳಿದು ಬಂದರು.

"ಕೆಳಗಿನ ಮನೆಯನ್ನು ಮೇಲಿನ ಮನೆಗೆ ಸೇರಿಸುವ ಪ್ರಸ್ತಾವ. ಒಪ್ಪುವವರು ಕೈ ಎತ್ತಿ."

ಮಗಳೊಬ್ಬಳೇ ಎತ್ತಿದಳು.

"ಒಪ್ಪದವರು?"

"ಎಂತ ಮಾರಾಯ, ಇದಕ್ಕೂ ನಮಗೆ ವೋಟುಂಟಾ?" ಎಂದು ಗೆಳೆಯ ನನ್ನ ಕಿವಿಯಲ್ಲಿ ಕೇಳಿದ. ಇಬ್ಬರೂ ಕೈ ಎತ್ತಿದೆವು.

"ಅಪ್ಪಾ, ಮನೆ ನಿನ್ನದು. ನೀನೇನು ಹೇಳ್ತೀಯ?" ಎಂದಳು ಮಗಳು.

"ಗುಮಾಸ್ತನಿಗೆ ವೋಟಿಲ್ಲ," ಎಂದು ಅವರು ಬರೆಯುತ್ತಲೇ ಹೇಳಿದರು. "ಪ್ರಸ್ತಾವ ಬಿದ್ದುಹೋಗಿದೆ."

ಪೆನ್ನಿಗೆ ಮುಚ್ಚಳ ಹಾಕಿದರು. ಮತ್ತೆ ತೆಗೆಯಲಿಲ್ಲ.

ಅವರು ಮೆಟ್ಟಿಲು ಹತ್ತಿದ ಮೇಲೆ ನಾವು ಸೂಟ್‌ಕೇಸಿನಿಂದ ಮೊದಲು ಕುಕ್ಕರ್ ತೆಗೆದು ಒಲೆಯ ಮೇಲಿಟ್ಟೆವು.