ಕವಾಯತು ಮೈದಾನದಲ್ಲಿ ಜೋಳದ ರಾಶಿ

ಗೆಳೆಯರೇ, ಹರಿಹರದ ಹತ್ತಿರ ಏಳುತ್ತಿರುವ ನಮ್ಮ ಪೊಲೀಸ್ ತರಬೇತಿ ಶಾಲೆಯಲ್ಲಿ ಇವತ್ತು ಮೊದಲ ಕವಾಯತು ಆಗಬೇಕಿತ್ತು. ಆದರೆ ಮೈದಾನಕ್ಕೆಂದು ತೆಗೆದುಕೊಂಡ ಹೊಲದಲ್ಲಿ ಪಕ್ಕದ ಸಾರಥಿ ಊರಿನ ಬಸಣ್ಣಜ್ಜನ ಕಣ ಇನ್ನೂ ಇತ್ತು. ಜೋಳ ತುಳಿಸಿಯಾಗಿದೆ, ತೂರಲು ಗಾಳಿ ಬಂದಿಲ್ಲ.

"ರಾಶಿ ತೆಗೀರಿ. ಇಲ್ಲಾಂದ್ರೆ ಹುಡುಗರು ತುಳ್ಕೊಂಡು ಹೋಗ್ತಾರೆ" ಎಂದರು ಹವಾಲ್ದಾರರು.

"ಒಪ್ಪತ್ತು ತಡೀರಿ ಸಾಹೇಬ್ರ. ವರ್ಷದ ಕೂಳು ಐತ್ರಿ ಇದು" ಎಂದ ಅಜ್ಜ.

ಹವಾಲ್ದಾರರು ಕೇಳಲಿಲ್ಲ, ನಡೆಯಿರೆಂದು ಆಜ್ಞೆ ಕೊಟ್ಟರು. ಹೊಸ ಹುಡುಗರು ಕಣದ ಅಂಚಿನವರೆಗೆ ಹೆಜ್ಜೆ ತಪ್ಪದೆ ನಡೆದರು. ಅಲ್ಲಿ ನಿಂತು, ಕೂತು, ಬೂಟು ಬಿಚ್ಚತೊಡಗಿದರು.

"ಯಾರು ಬಿಚ್ಚು ಅಂದಿದ್ದು?"

"ಕಣ ಐತ್ರಿ ಸಾರ್" ಎಂದ ಮುಂದಿನವನು. "ಮೆಟ್ಟು ಹಾಕ್ಕೊಂಡು ಹೆಂಗ್ರಿ ಹೋಗೋದು?"

ಹವಾಲ್ದಾರರು ಆ ಬರಿಗಾಲುಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೂ ಕೂತು ಬೂಟು ಬಿಚ್ಚಿದರು. ಹತ್ತು ಗಂಟೆಗೆ ಗಾಳಿ ಎದ್ದಾಗ ಮೊರ ಎತ್ತಿದವರಲ್ಲಿ ಅವರೂ ಇದ್ದರು.

ಗುಮಾಸ್ತನಾದ ನಾನು ಮಧ್ಯಾಹ್ನ ಹವಾಲ್ದಾರರನ್ನು ಮೆಲ್ಲಗೆ ಕೇಳಿದೆ, ಕವಾಯತು ನಡೆಯದ್ದಕ್ಕೆ ದಿನಚರಿಯಲ್ಲಿ ಕಾರಣ ಏನೆಂದು ಬರೆಯಲಿ?

ಮೀಸೆಗೆ ಅಂಟಿದ ಹೊಟ್ಟು ಒರೆಸಿಕೊಳ್ಳುತ್ತ, "ಮೈದಾನ ಇನ್ನೂ ಸಿದ್ಧವಾಗಿಲ್ಲ ಅಂತ ಬರೀರಿ" ಎಂದರು.

ಕನ್ನಡದಲ್ಲಿ ಬಿ.ಎ. ಮುಗಿಸಿದ ಮೇಲೆ ನಾನು ಬರೆದ ಒಳ್ಳೆಯ ವಾಕ್ಯ ಅದೊಂದೇ. ಅದೂ ಹೇಳಿ ಬರೆಸಿದ್ದು.