ಸೂಲಗಿತ್ತಿ ಎಲೋದಿಯಾ ಮತ್ತು ಸೊಸೆಯ ತಲೆನೋವು

ನನ್ನ ಇಬ್ಬರು ಮಕ್ಕಳೂ ಎಲೋದಿಯಾಳ ಕೈಮೇಲೆ ಹುಟ್ಟಿದವರು. ನಮ್ಮೂರು ತ್ಲಾಕೊಲೂಲಾದ ಅರ್ಧ ಜನವೇ ಹಾಗೆ. ಪಕ್ಕದ ಮನೆಯವಳಾಗಿ ಮೂವತ್ತು ವರ್ಷ ಅವಳ ಬಾಯಿಯನ್ನು ಸಹಿಸಿಕೊಂಡಿದ್ದೇನೆ. ನನಗೊಂದು ಪದಕ ಕೊಡಬೇಕು! ಬಾಣಂತಿಗೆ ನಲವತ್ತು ದಿನ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೂರು ಹೊತ್ತೂ ಕೋಳಿ ಸಾರು. ತಲೆಗೆ ನೀರು ಸೋಕಿತೋ, ಮೈಗೆ ಗಾಳಿ ಹೊಕ್ಕಿತೆಂದು ಅವಳು ಬೀದಿಗೆ ಕೇಳುವಂತೆ ಬೈಯುತ್ತಿದ್ದಳು.

ಹೋದ ಮಾರ್ಚಿನಲ್ಲಿ ಅವಳ ಸೊಸೆ ಅರಾಸೆಲಿ ಹೆಣ್ಣು ಹೆತ್ತಳು. ಹನ್ನೊಂದನೆಯ ದಿನ, "ಅತ್ತೆ, ನಿನ್ನೆಯಿಂದ ತಲೆನೋವು" ಎಂದಳು. ಎಲೋದಿಯಾ ಆಲೂಗಡ್ಡೆ ಬಿಲ್ಲೆ ಕೊಯ್ದು ಕಣತಲೆಗೆ ಅಂಟಿಸಿದಳು. ನಮ್ಮೂರ ಮದ್ದು ಅದೇ. ಮಧ್ಯಾಹ್ನಕ್ಕೆ ಹುಡುಗಿಯ ಬಲಗೈ ಜೋಲುಬಿತ್ತು, ಮಾತು ತೊದಲಿತು. ಎಲೋದಿಯಾ ಬಿಲ್ಲೆ ಕಿತ್ತೆಸೆದು, ಕೂಸನ್ನು ಮಗನ ಕೈಗೆ ಕೊಟ್ಟು, "ಇದು ನನ್ ಕೈಲಾಗೋದಲ್ಲ. ಗಾಡಿ ತೆಗಿಯೇ!" ಎಂದು ನನ್ನತ್ತ ಕೂಗಿದಳು.

ಓಹಾಕಾ ಪಟ್ಟಣದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮಿದುಳಿನಿಂದ ರಕ್ತ ಹಿಂದಿರುಗುವ ನಾಳದಲ್ಲಿ ಹೆಪ್ಪು ಕೂತಿತ್ತು. ಔಷಧಿ ಕೊಟ್ಟರೂ ಹುಡುಗಿ ಮಂಪರಿಗೆ ಜಾರುತ್ತಲೇ ಹೋದಳು.

"ತೊಡೆಸಂದಿಯಿಂದ ಸಣ್ಣ ಕೊಳವೆ ಕಳಿಸಿ ಹೆಪ್ಪನ್ನ ಎಳೆದು ತೆಗೀಬೇಕು" ಎಂದರು ಡಾಕ್ಟರ್ ಒಲಿವೆರಾ. "ನೋವು ಶುರುವಾಗಿದ್ದು ಯಾವಾಗ?"

"ನಿನ್ನೆ" ಎಂದಳು ಎಲೋದಿಯಾ.

ಮಂಪರಿನಲ್ಲೇ ಅರಾಸೆಲಿ ಎಡಗೈಯ ಐದೂ ಬೆರಳು ಎತ್ತಿದಳು. "ಐದು... ದಿನ. ಕದ್ದು... ತಲೆ ತೊಳ್ಕೊಂಡೆ. ಬೈತೀರ ಅಂತ..."

ಎಲೋದಿಯಾ ಆ ಬೆರಳುಗಳನ್ನು ಹಿಡಿದುಕೊಂಡಳು. "ನನ್ ಬಾಯಿಗೆ ಹೆದರಿ ಐದು ದಿನ ನೋವು ನುಂಗಿದ್ಯೇನೇ, ಮಗಳೇ!"

"ತಲೆ ತೊಳೆದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲಮ್ಮ. ಹೆರಿಗೆ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ" ಎಂದರು ಡಾಕ್ಟರು. "ಆದ್ರೆ ಹೆಪ್ಪು ಹಳೇದು, ಎಳೆಯೋದು ಕಷ್ಟ. ನೋಡೋಣ."

ಮೂರು ಗಂಟೆ ಬೆಂಚಿನ ಮೇಲೆ ಕೂತೆವು. ಎಲೋದಿಯಾ ನಮ್ಮ ದೇವಮಾತೆ ಗ್ವಾದಲೂಪೆ ತಾಯಿಗೆ ಬೈದಳು, ಬೈದದ್ದಕ್ಕೆ ಕ್ಷಮೆ ಕೇಳಿದಳು, ಮತ್ತೆ ಬೈದಳು. ನನಗೆ ಅಳುವೂ ಬಂತು, ನಗುವೂ ಬಂತು. ಕೊನೆಗೆ ಡಾಕ್ಟರು ಹೊರಗೆ ಬಂದು, ಹೆಪ್ಪು ಹೊರಗೆ ಬಂತು, ನಾಳ ತೆರೆದುಕೊಂಡಿದೆ ಎಂದರು.

ಮರುದಿನ ಬೆಳಿಗ್ಗೆ ಅರಾಸೆಲಿ ಬಲಗೈ ಆಡಿಸಿ ಸ್ಪಷ್ಟವಾಗಿ ಹೇಳಿದಳು: "ಅತ್ತೆ, ಹಸಿವು. ಕೋಳಿ ಸಾರು ಮಾತ್ರ ಬೇಡ, ದಮ್ಮಯ್ಯ!"

ಎಲೋದಿಯಾ ಈಗಲೂ ಬಾಣಂತಿಯರ ತಲೆಗೆ ಬಟ್ಟೆ ಕಟ್ಟುತ್ತಾಳೆ. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಆದರೆ ಹೊರಡುವ ಮುನ್ನ ಪ್ರತಿ ಬಾಣಂತಿಯ ಗಲ್ಲ ಹಿಡಿದು ಹೇಳುತ್ತಾಳೆ: "ಬೈಯೋದು ನನ್ ಚಾಳಿ ಕಣೇ, ಕಿವಿಗೆ ಹಾಕ್ಕೋಬೇಡ. ತಲೆ ನೋವು ಬಂತೋ, ಆ ಗಳಿಗೇಲೇ ನಂಗೆ ಹೇಳು. ಆಗ್ಲೂ ಬೈದ್ರೆ, ನೀನೂ ನಂಗೆ ಬೈದು ಡಾಕ್ಟ್ರ ಹತ್ರ ಓಡು."